ಬೆನ್ನು ನೆಲಕ್ಕೆ ತಾಗಿದ ಮೇಲೆ

“ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಸೋತ ಮೇಲೂ ಸೋಲನ್ನು ಒಪ್ಪಿಕೊಳ್ಳದವರನ್ನು ಹಾಸ್ಯಮಾಡಲು ಅದನ್ನು ಬಳಸುವುದು ವಾಡಿಕೆ. ಆದರೆ ಆ ಗಾದೆಯೊಳಗೆ ಅಡಗಿರುವ ಶರೀರದ ಚಿತ್ರವನ್ನು ಗಮನಿಸಿದವರು ಕಡಿಮೆ. ಕೆಳಗೆ ಬಿದ್ದವನ ಮೀಸೆಗೆ ಮಣ್ಣು ತಾಗದೆ ಇರಬೇಕಾದರೆ ಅವನು ಬೋರಲಾಗಿ ಬಿದ್ದಿರಲಾರ, ಅಂಗಾತವಾಗಿಯೇ ಬಿದ್ದಿರಬೇಕು. ಕುಸ್ತಿಯ ಅಖಾಡದಲ್ಲಿ ಅಂಗಾತ ಬೀಳುವುದೇ ಸೋಲು. ಎಂದರೆ, ಮೀಸೆ ಶುಚಿಯಾಗಿ ಉಳಿದಿರುವುದೇ ಅವನ ಸೋಲಿಗೆ ಸಾಕ್ಷಿ! ಗಾದೆಯನ್ನು ಕಟ್ಟಿದವನು ಗರಡಿಯ ಮಣ್ಣನ್ನು ಚೆನ್ನಾಗಿ ಬಲ್ಲವನಾಗಿರಬೇಕು.

ಬೆನ್ನು ನೆಲಕ್ಕೆ ತಾಗಬಾರದು ಎಂಬ ಈ ನಿಯಮ ಕನ್ನಡನಾಡಿನ ಮತ್ತು ಮಹಾರಾಷ್ಟ್ರದ ಮಲ್ಲರಿಗೆ ಸಮಾನವಾದುದು. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ, ಮಲ್ಲರ ತರಗತಿ, ಅವರ ಆಹಾರ, ಅಭ್ಯಾಸಗಳನ್ನು ಅಲ್ಲಿ ವರ್ಣಿಸಲಾಗಿದೆ. ಮೈಸೂರಿನ ದಸರೆಯಲ್ಲಿ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ರಕ್ತದ ಮೊದಲ ಹನಿ ಕಂಡೊಡನೆ ಅದು ಮುಗಿಯುತ್ತದೆ. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1912ರಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನಕ್ಕೆ ಗಡಿಯ ಈಚೆಯಿಂದಲೂ ಆಚೆಯಿಂದಲೂ ಪೈಲ್ವಾನರು ಬರುತ್ತಿದ್ದರು. ಪುಣೆಯ ಪೇಟೆಗಳಲ್ಲಿ ಚಿಂಚೇಚಿ ತಾಲೀಮ್, ಗೋಕುಲ ವಸ್ತಾದ ತಾಲೀಮ್ ಮೊದಲಾದ ಹಳೆಯ ತಾಲೀಮುಗಳಿವೆ; ಕಾತ್ರಜಿನಲ್ಲಿ ಮಾಮಾಸಾಹೇಬ ಮೋಹೋಳರ ಹೆಸರಿನ ಕುಸ್ತಿ ಸಂಕುಲವಿದೆ. ಕನ್ನಡದ ‘ಚಿತ್ ಮಾಡು’ ಎಂಬ ಮಾತಿಗೂ ಮರಾಠಿಯ ‘ಚೀತಪಟ್’ ಎಂಬ ಮಾತಿಗೂ ಅರ್ಥ ಒಂದೇ: ಎದುರಾಳಿಗೆ ಆಕಾಶ ತೋರಿಸುವುದು.

ಈ ಒಂದು ನಿಯಮ ಮಲ್ಲನ ಶರೀರವನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಲಂಡನ್ನಿನ ಒಂದು ಪಂದ್ಯಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. 1910ರ ಸೆಪ್ಟೆಂಬರ್ 10ರಂದು ಪಂಜಾಬಿನ ಗಾಮಾ ಪೈಲ್ವಾನನು ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೋ ಎಂಬ ಭಾರೀ ಮಲ್ಲನನ್ನು ಎದುರಿಸಿದನು. ಆರಂಭದಲ್ಲಿಯೇ ಗಾಮಾನ ಬಲವನ್ನರಿತ ಜ್ಬಿಸ್ಕೋ ನೆಲಕ್ಕೆ ಕವುಚಿಕೊಂಡು, ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಅದೇ ಭಂಗಿಯಲ್ಲಿ ಕಾಲ ಕಳೆದನು. ಅಷ್ಟು ದೊಡ್ಡ ಶರೀರವನ್ನು ಮಗುಚಿ ಅಂಗಾತ ಮಾಡಲು ಗಾಮಾನಿಂದಲೂ ಆಗಲಿಲ್ಲ. ಪಂದ್ಯ ನಿರ್ಣಯವಿಲ್ಲದೆ ಮುಗಿಯಿತು. ಒಂದು ವಾರದ ನಂತರ ಗೊತ್ತುಪಡಿಸಿದ ಮರುಪಂದ್ಯಕ್ಕೆ ಜ್ಬಿಸ್ಕೋ ಬರಲೇ ಇಲ್ಲ. (1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಸೇರಿದಾಗ ಗಾಮಾನಿಗೆ ಗೆಲ್ಲಲು ಒಂದು ನಿಮಿಷವೂ ಬೇಕಾಗಲಿಲ್ಲ.) ಜ್ಬಿಸ್ಕೋ ಮಾಡಿದ್ದು ಹೇಡಿತನವೆಂದು ಆಗಿನ ಜನ ಆಡಿಕೊಂಡರೂ, ಕುಸ್ತಿಯ ನಿಯಮದ ದೃಷ್ಟಿಯಿಂದ ಅವನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಅಲ್ಲಿ ಬೋರಲು ಮಲಗುವುದು ಸುರಕ್ಷಿತ ಠೇವಣಿ, ಅಂಗಾತವಾಗುವುದು ದಿವಾಳಿ.

ಇದನ್ನೆಲ್ಲ ಇಲ್ಲಿ ಹೇಳಬೇಕಾದ ಕಾರಣವಿದೆ. ಪುಣೆಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ, ವಿಶೇಷವಾಗಿ ಬೆಳಗಾವಿ, ವಿಜಯಪುರ, ಧಾರವಾಡದ ಕಡೆಯಿಂದ ಬಂದವರಲ್ಲಿ, ಅಜ್ಜನೋ ಸೋದರಮಾವನೋ ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವನಿರುವುದು ಅಪರೂಪವಲ್ಲ. ಅವರ ಮೊಮ್ಮಕ್ಕಳು, ಹುಡುಗರೂ ಹುಡುಗಿಯರೂ, ಈಗ ನಗರದ ವ್ಯಾಯಾಮಶಾಲೆಗಳಲ್ಲಿ ‘ಬ್ರೆಜಿಲಿಯನ್ ಜಿಯು-ಜಿಟ್ಸು’ ಎಂಬ ಹೊಸ ವಿದ್ಯೆಯನ್ನು ಕಲಿಯಲು ಹೋಗುತ್ತಿದ್ದಾರೆ. ಅಜ್ಜನು ಒಂದು ಸಂಜೆ ಮೊಮ್ಮಗಳನ್ನು ಕರೆತರಲು ಹೋಗಿ ಬಾಗಿಲಲ್ಲಿ ನಿಂತು ನೋಡಿದರೆ ಏನು ಕಾಣುತ್ತದೆ? ಮೆತ್ತನೆಯ ಹಾಸಿನ ಮೇಲೆ ಹತ್ತಾರು ಜನ ತಾವಾಗಿಯೇ ಅಂಗಾತ ಮಲಗುತ್ತಿದ್ದಾರೆ! ಯಾರೂ ಕೆಡವಿಲ್ಲ, ಯಾರೂ ಸೋತಿಲ್ಲ. ಪಾಠವೇ ಅಲ್ಲಿಂದ ಮೊದಲಾಗುತ್ತದೆ. ಗರಡಿಯ ಕಣ್ಣಿಗೆ ಇದು ವಿಚಿತ್ರವಾಗಿ, ತುಸು ಅವಮಾನಕರವಾಗಿಯೂ ತೋರಿದರೆ ಆಶ್ಚರ್ಯವಿಲ್ಲ.

ಅಂಗಾತ ಮಲಗಿದವನು ಕಾಲುಗಳಿಂದ ಎದುರಾಳಿಯನ್ನು ತಡೆದು ಹಿಡಿಯುವ ಭಂಗಿಗೆ ‘ಗಾರ್ಡ್’ ಎಂದು ಹೆಸರು. ಕನ್ನಡದಲ್ಲಿ ‘ಕಾವಲು’ ಎನ್ನಬಹುದು. ಕಾಲುಗಳು ಎದುರಾಳಿಯ ಸೊಂಟವನ್ನು ಬಿಟ್ಟು ಮೇಲೇರಿ, ಕಂಕುಳು ಹೆಗಲುಗಳ ಮಟ್ಟದಲ್ಲಿ ಅವನ ಬೆನ್ನನ್ನು ಬಿಗಿಯುವುದೇ ‘ಹೈ ಗಾರ್ಡ್’, ಎಂದರೆ ಮೇಲುಕಾವಲು. ಈ ಲೇಖನದ ವಿಷಯ ಅದೇ.

ಈ ವಿದ್ಯೆ ಬೆಳೆದು ಬಂದ ದಾರಿಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಅದರ ತವರು ಜಪಾನ್. ಜಿಗೊರೊ ಕಾನೊ ಎಂಬ ಶಿಕ್ಷಣತಜ್ಞನು 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಶಾಲೆಯನ್ನು ಸ್ಥಾಪಿಸಿ, ಹಳೆಯ ಜುಜುತ್ಸುವನ್ನು ಸುಧಾರಿಸಿ ಜೂಡೋ ಎಂದು ಕರೆದನು. ಆ ಶಾಲೆಯ ಮಿತ್ಸುಯೊ ಮಾಯೆದಾ ದೇಶದೇಶಗಳಲ್ಲಿ ಪಂದ್ಯವಾಡುತ್ತ 1914ರಲ್ಲಿ ಬ್ರೆಜಿಲ್ ತಲುಪಿ, ಮುಂದೆ ಬೆಲೆಮ್ ಪಟ್ಟಣದಲ್ಲಿ ನೆಲೆಸಿದನು. ಅವನಿಂದ ಕಲಿತ ಕಾರ್ಲೋಸ್ ಗ್ರೇಸಿ, ಕಾರ್ಲೋಸನ ತಮ್ಮ ಎಲಿಯೋ ಮತ್ತು ಅವರ ಮಕ್ಕಳು ನೆಲದ ಮೇಲಿನ ಸೆಣಸಾಟವನ್ನೇ ಮುಖ್ಯವಾಗಿಟ್ಟುಕೊಂಡು ಈ ಪದ್ಧತಿಯನ್ನು ರೂಪಿಸಿದರು. ಎಲಿಯೋ ಸಣಕಲು ಮೈಯವನು. ಮೇಲಿದ್ದು ಒತ್ತುವ ತೂಕ ಅವನಲ್ಲಿರಲಿಲ್ಲ; ಆದುದರಿಂದ ಕೆಳಗಿದ್ದು ಬದುಕುವ ಉಪಾಯಗಳು ಅವನಿಗೆ ಅನಿವಾರ್ಯವಾದವು. ಭಾರತಕ್ಕೆ ಜೂಡೋ ಹೊಸತೇನೂ ಅಲ್ಲ. ಕವಿ ರವೀಂದ್ರನಾಥ ಠಾಕೂರರು 1929ರಲ್ಲಿಯೇ ಜಪಾನಿನಿಂದ ಶಿಂಜೊ ತಕಗಾಕಿ ಎಂಬ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿ ವಿದ್ಯಾರ್ಥಿಗಳಿಗೆ ಅದನ್ನು ಕಲಿಸಿದ್ದರು. ಜು-ಜಿತ್ಸು ಕ್ರೀಡೆಯು 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಸೇರ್ಪಡೆಯಾಯಿತು.

ಜೂಡೋದ ಒಂದು ನಿಯಮದಲ್ಲಿ ಕಾವಲಿನ ಮರ್ಮವೆಲ್ಲ ಅಡಗಿದೆ. ಅಲ್ಲಿ ಎದುರಾಳಿಯನ್ನು ಅಂಗಾತವಾಗಿ 20 ಸೆಕೆಂಡು ಅದುಮಿ ಹಿಡಿದರೆ ಗೆಲುವು. ಆದರೆ ಕೆಳಗಿರುವವನು ಮೇಲಿನವನ ಮೈಗೋ ಕಾಲಿಗೋ ತನ್ನ ಕಾಲನ್ನು ಸುತ್ತಿ ಹಿಡಿದಿದ್ದರೆ ಆ ಎಣಿಕೆ ನಡೆಯುವುದಿಲ್ಲ. ಏಕೆ? ಕಾಲು ಕಟ್ಟಿದ್ದರೆ ಮೇಲಿನವನು ನಿಜವಾಗಿ ಸ್ವತಂತ್ರನಲ್ಲ. ಬೆನ್ನು ನೆಲದ ಮೇಲಿದೆಯೋ ಇಲ್ಲವೋ ಎಂಬುದಕ್ಕಿಂತ, ಯಾರು ಯಾರನ್ನು ಹಿಡಿದಿದ್ದಾರೆ ಎಂಬುದು ಅಲ್ಲಿಯ ಪ್ರಶ್ನೆ. ಕುಸ್ತಿಯ ಜಮಾಖರ್ಚಿನಲ್ಲಿ ಅಂಗಾತ ಬಿದ್ದವನ ಕಾಲುಗಳಿಗೆ ಬೆಲೆಯೇ ಇಲ್ಲ; ಭುಜ ನೆಲಕ್ಕೆ ತಾಗಿದೊಡನೆ ಖಾತೆ ಮುಚ್ಚಿಹೋಗುತ್ತದೆ. ಜಿಯು-ಜಿಟ್ಸು ಆ ಕಾಲುಗಳನ್ನು ಜಮೆಯ ಕಡೆಗೆ ಬರೆದುಕೊಳ್ಳುತ್ತದೆ.

ಶರೀರಶಾಸ್ತ್ರ ಇದಕ್ಕೆ ಆಧಾರವನ್ನೂ ಕೊಡುತ್ತದೆ. ಮನುಷ್ಯನ ಮೈಯಲ್ಲಿ ಅತ್ಯಂತ ದೊಡ್ಡ ಮಾಂಸಖಂಡ ಪೃಷ್ಠದ್ದು. ತೊಡೆಯ ಮುಂಭಾಗದ ಸ್ನಾಯುಗಳೂ ಒಳತೊಡೆಯ ಸ್ನಾಯುಗಳೂ ದಿನವಿಡೀ ಇಡೀ ದೇಹವನ್ನು ಹೊತ್ತು ನಡೆಯುವಂಥವು. ನಿಂತು ಸೆಣಸುವಾಗ ಈ ಶಕ್ತಿಯೆಲ್ಲ ನಿಲ್ಲುವುದಕ್ಕೇ ವ್ಯಯವಾಗುತ್ತದೆ. ಮಲಗಿದಾಗ ಮಾತ್ರ ಎರಡು ಕಾಲುಗಳೂ ಬಿಡುವಾಗಿ, ಕೈಗಳಂತೆ ಹಿಡಿಯಲು ಒದಗುತ್ತವೆ. ಐವತ್ತು ಕಿಲೋ ತೂಕದ ಹುಡುಗಿಯ ಕೈಗಳು ಎಂಬತ್ತು ಕಿಲೋ ತೂಕದ ಗಂಡಸಿನ ಕೈಗಳ ಮುಂದೆ ನಿಲ್ಲಲಾರವು. ಆದರೆ ಅವಳ ಎರಡು ಕಾಲುಗಳೂ ಸೊಂಟವೂ ಸೇರಿ ಅವನ ಒಂದು ತೋಳನ್ನೋ ಕತ್ತನ್ನೋ ಎದುರಿಸಿದರೆ ಲೆಕ್ಕ ಬೇರೆಯಾಗುತ್ತದೆ.

ಕೆಳಮಟ್ಟದ ಕಾವಲು ಸಾಲದೆ?

ಮೊದಲಿಗೆ ಕಲಿಸುವುದು ಮುಚ್ಚಿದ ಕಾವಲು. ಎದುರಾಳಿ ಮಲಗಿದವನ ಕಾಲುಗಳ ನಡುವೆ ಮೊಣಕಾಲೂರಿ ಕುಳಿತಿರುತ್ತಾನೆ. ಮಲಗಿದವನು ಅವನ ಸೊಂಟದ ಸುತ್ತ ಕಾಲುಗಳನ್ನು ಬಳಸಿ, ಹಿಂದೆ ಕಣಕಾಲುಗಳನ್ನು ಹೆಣೆಯುತ್ತಾನೆ. ಇಷ್ಟರಿಂದ ಮೇಲಿನವನು ದೂರ ಹೋಗಲಾರ. ಆದರೆ ಅವನು ಬೆನ್ನನ್ನು ನೆಟ್ಟಗೆ ಮಾಡಿ, ತಲೆಯೆತ್ತಿ, ಮಲಗಿದವನ ಎದೆಯ ಮೇಲೆ ಕೈಯೂರಿ ಕುಳಿತರೆ ಸಾಕು, ಇಡೀ ಕಾವಲು ನಿರುಪಯೋಗಿ. ನೆಟ್ಟಗಿನ ಬೆನ್ನೆಂದರೆ ನೆಟ್ಟ ಕಂಬವಿದ್ದಂತೆ. ಅವನ ಎಲ್ಲ ಬಲವೂ ಆ ಕಂಬದ ಮೂಲಕವೇ ಕೈಗೆ ಇಳಿಯುತ್ತದೆ. ಹಾಗೆ ಕುಳಿತವನು ನಿಧಾನವಾಗಿ ಕಾಲುಗಳ ಹೆಣಿಗೆಯನ್ನು ಬಿಡಿಸಬಲ್ಲ; ಪಂದ್ಯವಲ್ಲದ ಜಗಳವಾದರೆ ಮೇಲಿನಿಂದ ಗುದ್ದಬಲ್ಲ.

ಮೇಲುಕಾವಲಿನ ಉದ್ದೇಶ ಆ ಕಂಬವನ್ನು ಬಾಗಿಸುವುದು, ಬಾಗಿದ ಮೇಲೆ ಮತ್ತೆ ಏಳದಂತೆ ನೋಡಿಕೊಳ್ಳುವುದು. ಇದು ಒಂದೇ ನೆಗೆತದಲ್ಲಿ ಆಗುವ ಕೆಲಸವಲ್ಲ. ಹೊಸಬರು ಕಾಲುಗಳನ್ನು ಒಮ್ಮೆಲೆ ಮೇಲಕ್ಕೆಸೆದು ವಿಫಲರಾಗುವುದು ನಿತ್ಯದ ದೃಶ್ಯ. ತೆಂಗಿನ ಮರ ಹತ್ತುವವನು ಹೇಗೆ ಕೈಯಿಂದ ಹಿಡಿದು ಕಾಲನ್ನು ಸ್ವಲ್ಪ ಏರಿಸಿ, ಮತ್ತೆ ಹಿಡಿದು ಮತ್ತೆ ಏರಿಸುತ್ತಾನೋ, ಇದೂ ಹಾಗೆಯೇ.

ಮೊದಲು ಮೊಣಕಾಲುಗಳನ್ನು ತನ್ನ ಎದೆಯ ಕಡೆಗೆ ಸೆಳೆದುಕೊಳ್ಳಬೇಕು. ಕಾಲು ಎದುರಾಳಿಯ ಬೆನ್ನ ಹಿಂದಿರುವುದರಿಂದ ಅವನೂ ಮುಂದಕ್ಕೆ ಮುಗ್ಗರಿಸುತ್ತಾನೆ. ಅದೇ ಕ್ಷಣದಲ್ಲಿ ಅವನ ಊರಿದ ಕೈಗಳನ್ನು ಮೊಣಕೈಯ ಬಳಿ ಹಿಡಿದು ಪಕ್ಕಕ್ಕೆ ಜಾರಿಸಿದರೆ, ಅವನ ಎದೆ ಕೆಳಗೆ ಬರುತ್ತದೆ. ಕೈಯೊಂದರಿಂದಲೇ ಎಳೆಯಲು ಹೋದವರು ಎರಡು ನಿಮಿಷದಲ್ಲಿ ಆಯಾಸಗೊಳ್ಳುತ್ತಾರೆ; ಎಳೆಯುವುದು ಕಾಲಿನ ಕೆಲಸ, ಹಿಡಿದಿಡುವುದು ಕೈಯ ಕೆಲಸ. ಹಾಗೆ ಬಂದವನ ತಲೆಯನ್ನು ಒಂದು ಕೈಯಿಂದ ಅಪ್ಪಿ ಹಿಡಿಯಬೇಕು. ನಿಲುವಂಗಿ ತೊಟ್ಟಿದ್ದರೆ ಕೊರಳಪಟ್ಟಿಯನ್ನೇ ಹಿಡಿಯಬಹುದು. ತಲೆ ಬಾಗಿದಲ್ಲಿ ಬೆನ್ನು ಬಾಗುತ್ತದೆ. ಹೊರೆ ಹೊತ್ತು ಬಲ್ಲ ಹಮಾಲರನ್ನು ಕೇಳಿದರೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಅನಂತರ ಅವನ ಒಂದು ತೋಳನ್ನು ನಡುಗೆರೆಯಿಂದ ಆಚೆಗೆ ದಾಟಿಸಬೇಕು. ಅವನ ಬಲಗೈಯನ್ನು ಆರಿಸಿಕೊಂಡರೆ, ಅದರ ಮೊಣಕೈಯನ್ನು ಮಲಗಿದವನ ಹೊಟ್ಟೆಯ ಮೇಲಿಂದ ಬಲಬದಿಗೆ ಎಳೆಯಬೇಕು. ಈ ಹಂತದಲ್ಲಿ ನೇರವಾಗಿ ಮಲಗಿರುವುದು ಉಪಯೋಗವಿಲ್ಲ. ಸೊಂಟವನ್ನು ನೆಲದಿಂದ ತುಸು ಎತ್ತಿ, ಮೈಯನ್ನು ಎಡಕ್ಕೆ ಓರೆಯಾಗಿಸಬೇಕು. ಎದುರಾಳಿಯ ಮುಖವಲ್ಲ, ಬಲಗಿವಿ ಕಾಣುವಂತಾಗಬೇಕು. ಈಗ ಎಡಗಾಲು ಅವನ ಬಲಹೆಗಲ ಮೇಲಕ್ಕೂ, ಬಲಗಾಲು ಅವನ ಎಡ ಕಂಕುಳ ಕೆಳಗಿನಿಂದ ಬೆನ್ನ ಮೇಲ್ಭಾಗಕ್ಕೂ ಏರುತ್ತವೆ. ಒಂದು ಕಾಲು ಬಿಗಿಹಿಡಿದಿರುವಾಗ ಇನ್ನೊಂದು ಏರಬೇಕು. ಎರಡೂ ಒಟ್ಟಿಗೆ ಸಡಿಲವಾಗಕೂಡದು. ಕಡೆಗೆ ಕಣಕಾಲುಗಳು ಅವನ ಹೆಗಲೆಲುಬುಗಳ ಹಿಂದೆ ಹೆಣೆದುಕೊಂಡರೆ ಮೇಲುಕಾವಲು ಪೂರ್ಣವಾದಂತೆ. ಅವನ ಬಲತೋಳು ಎರಡು ತೊಡೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಮಲಗಿದವನ ಪೃಷ್ಠ ನೆಲ ಬಿಟ್ಟು, ಅವನ ತೂಕವೆಲ್ಲ ಎದುರಾಳಿಯ ಹೆಗಲ ಮೇಲೆ ಜೋತುಬಿದ್ದಿರುತ್ತದೆ. ಮೇಲಿರುವವನು ಯಾರು, ಹೊರೆ ಹೊತ್ತವನು ಯಾರು ಎಂಬುದು ಆಗ ವಿಚಾರಿಸಬೇಕಾದ ಪ್ರಶ್ನೆ.

ಇಲ್ಲಿಂದ ಮೂರು ಪಟ್ಟುಗಳು ಸಹಜವಾಗಿ ಒದಗುತ್ತವೆ. ಎಡಗಾಲನ್ನು ತಲೆಯ ಮೇಲಿಂದ ದಾಟಿಸಿ ಮೊಣಕೈಯನ್ನು ಹಿಮ್ಮುಖವಾಗಿ ನೀಳಮಾಡುವುದು ತೋಳಿನ ಪಟ್ಟು. ಎದುರಾಳಿಯ ಒಂದು ತೋಳು ಒಳಗೆ ಉಳಿದು ಇನ್ನೊಂದು ಹೊರಗಿರುವಾಗ, ಕತ್ತಿನ ಸುತ್ತ ಒಂದು ಕಾಲನ್ನು ಮಡಿಸಿ, ಅದರ ಕಣಕಾಲನ್ನು ಇನ್ನೊಂದು ಮೊಣಕಾಲಿನ ಹಿಂದೆ ಸೇರಿಸಿದರೆ ತ್ರಿಕೋಣ. ಒಂದು ಬದಿಯ ರಕ್ತನಾಳವನ್ನು ತೊಡೆಯೂ ಇನ್ನೊಂದು ಬದಿಯದನ್ನು ಅವನ ಸ್ವಂತ ಹೆಗಲೂ ಒತ್ತುತ್ತವೆ. ಮೂರನೆಯದು ಕಾಲಿನಿಂದಲೇ ಹೆಗಲನ್ನು ತಿರುಚುವಂಥದು. ಅದನ್ನು ಕಾಗದದ ಮೇಲೆ ವಿವರಿಸುವುದಕ್ಕಿಂತ ಗುರುವಿನ ಎದುರು ಕಲಿಯುವುದೇ ಲೇಸು. ಈ ಮೂರರ ಸೊಗಸೆಂದರೆ ಒಂದರಿಂದ ತಪ್ಪಿಸಿಕೊಳ್ಳಲು ಹೋದವನು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತಾನೆ. ತೋಳನ್ನು ಕಿತ್ತುಕೊಂಡರೆ ತ್ರಿಕೋಣ. ತ್ರಿಕೋಣವನ್ನು ತಡೆಯಲು ತೋಳನ್ನು ಹೊರಗೆ ಹೊರಳಿಸಿದರೆ ಹೆಗಲಿನ ಪಟ್ಟು.

ಮಲ್ಲವಿದ್ಯೆಗೂ ಇದಕ್ಕೂ ನೇರ ಮುಖಾಮುಖಿಯಾದ ಪಂದ್ಯವೊಂದನ್ನು ಇಲ್ಲಿ ನೆನೆಯಬೇಕು. 1994ರ ಡಿಸೆಂಬರ್ 16ರಂದು ಅಮೆರಿಕದ ಟಲ್ಸಾ ನಗರದಲ್ಲಿ ಎಲಿಯೋನ ಮಗ ರೋಯ್ಸ್ ಗ್ರೇಸಿ ಮತ್ತು ಡ್ಯಾನ್ ಸೆವರ್ನ್ ಎಂಬ ನುರಿತ ಮಲ್ಲ ಎದುರಾದರು. ಸೆವರ್ನ್ ತೂಕದಲ್ಲಿ ರೋಯ್ಸನಿಗಿಂತ ಬಹಳ ಹೆಚ್ಚಿನವನು. ಅವನು ರೋಯ್ಸನನ್ನು ಸುಲಭವಾಗಿ ಕೆಡವಿ, ಹದಿನೈದು ನಿಮಿಷಕ್ಕೂ ಹೆಚ್ಚು ಹೊತ್ತು ಮೇಲೆಯೇ ಇದ್ದನು. ಕುಸ್ತಿಯ ಪಂಚರಿದ್ದಿದ್ದರೆ ಮೊದಲ ನಿಮಿಷದಲ್ಲಿಯೇ ತುತ್ತೂರಿ ಊದಿಸಿ ಸೆವರ್ನನಿಗೆ ರುಮಾಲು ಸುತ್ತುತ್ತಿದ್ದರು. ಆದರೆ ಕೆಳಗಿದ್ದ ರೋಯ್ಸನ ಕಾಲುಗಳು ಮೆಲ್ಲಮೆಲ್ಲನೆ ಏರಿ ತ್ರಿಕೋಣ ಬಿಗಿದವು. ಕೈ ತಟ್ಟಿ ಸೋಲೊಪ್ಪಿದವನು ಮೇಲಿದ್ದ ಸೆವರ್ನ್.

ಇದರಿಂದ ಕುಸ್ತಿ ಕೀಳೆಂದು ತಿಳಿಯುವುದು ಮೂರ್ಖತನ. ಕೆಡವುವ ವಿದ್ಯೆಯಲ್ಲಿ ಜಿಯು-ಜಿಟ್ಸು ಕಲಿತವರು ಇಂದಿಗೂ ಕುಸ್ತಿಯಿಂದಲೇ ಸಾಲ ತರುತ್ತಾರೆ. ಆದರೆ ತಾಲೀಮಿನಿಂದ ಈ ಹಾಸಿಗೆ ಬರುವ ತರುಣರಿಗೆ ಒಂದು ಅಪಾಯವುಂಟು. ಕೆಳಗೆ ಬಿದ್ದೊಡನೆ ಅವರ ಶರೀರ, ಯೋಚನೆಗೂ ಮುನ್ನ, ಬೋರಲಾಗಿ ಹೊರಳುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಅಭ್ಯಾಸ! ಆದರೆ ಕೊರಳು ಬಿಗಿಯುವುದಕ್ಕೆ ಅವಕಾಶವಿರುವ ಈ ಆಟದಲ್ಲಿ ಎದುರಾಳಿಗೆ ಬೆನ್ನು ಕೊಡುವುದಕ್ಕಿಂತ ಕೆಟ್ಟದ್ದಿಲ್ಲ. ಜ್ಬಿಸ್ಕೋ ಲಂಡನ್ನಿನಲ್ಲಿ ಎರಡೂವರೆ ಗಂಟೆ ಕಾಪಾಡಿಕೊಂಡ ಭಂಗಿ ಇಲ್ಲಿ ಎರಡು ನಿಮಿಷವೂ ಬಾಳದು. ಅಂಥವರಿಗೆ ಗುರುಗಳು ತಿಂಗಳುಗಟ್ಟಲೆ ಹೇಳಬೇಕಾದ ಪಾಠ ಒಂದೇ: ಅಂಗಾತವಾಗು, ಹೆದರಬೇಡ, ಕಾಲನ್ನು ನಡುವೆ ತಾ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತಿಗೆ ಬೇರೊಂದು ಗಾಂಭೀರ್ಯವಿದೆ. ಸಂಕೋಚವನ್ನು ಬದಿಗಿಟ್ಟು ಹೇಳುವುದಾದರೆ, ದುಷ್ಟನೊಬ್ಬನು ಹೆಣ್ಣನ್ನು ಕೆಡವಿ ಆಕ್ರಮಿಸುವ ಭಂಗಿಯೂ ಕಾವಲಿನ ಭಂಗಿಯೂ ನೋಟಕ್ಕೆ ಬಹುಮಟ್ಟಿಗೆ ಒಂದೇ. ಯಾವ ಸ್ಥಿತಿಯಲ್ಲಿ ಎಲ್ಲವೂ ಮುಗಿಯಿತೆಂದು ಭಯದಿಂದ ಮೈ ಮರಗಟ್ಟುತ್ತದೆಯೋ, ಅದೇ ಸ್ಥಿತಿಯಲ್ಲಿ ನೂರಾರು ಸಂಜೆ ಉಸಿರಾಡಿ, ಯೋಚಿಸಿ, ಹೊರಬಂದವಳ ಮನಸ್ಸು ಬೇರೆಯೇ ಆಗಿರುತ್ತದೆ. ಮೇಲುಕಾವಲು ಆಗ ದಾಳಿಕೋರನ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅವನ ಏಟಿಗೆ ಬೀಸು ಸಿಗದಂತೆ ಮಾಡುತ್ತದೆ. ಅವನ ಒಂದು ಕೈಯನ್ನು ಕಟ್ಟುತ್ತದೆ. ಆದರೆ ರಸ್ತೆಯಲ್ಲಿ ಅಲ್ಲಿಯೇ ಮಲಗಿರುವುದು ಗುರಿಯಲ್ಲ. ಕಾಂಕ್ರೀಟು ಹಾಸಲ್ಲ, ಅವನ ಜೊತೆಗಾರರು ಪಂಚರಲ್ಲ. ಕ್ಷಣ ಸಿಕ್ಕೊಡನೆ ಅವನ ಸೊಂಟಕ್ಕೆ ಕಾಲು ಕೊಟ್ಟು ದೂರ ತಳ್ಳಿ, ಒಂದು ಕೈ ಹಿಂದಕ್ಕೂರಿ ಎದ್ದು, ಓಡಿ, ಕೂಗಿಕೊಳ್ಳಬೇಕು. ಮಲಗುವುದನ್ನು ಕಲಿಸಿ ಏಳುವುದನ್ನು ಕಲಿಸದ ತರಗತಿಗೆ ಮಗಳನ್ನು ಕಳಿಸುವುದರಲ್ಲಿ ಅರ್ಥವಿಲ್ಲ.

ಕತ್ತಿನ ಲೆಕ್ಕ

ಮೇಲುಕಾವಲಿನ ಲಾಭವನ್ನು ಇಷ್ಟು ಹೇಳಿದ ಮೇಲೆ ಅದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ಆರೋಗ್ಯದ ದೃಷ್ಟಿಯಿಂದ ಇದೇ ಮುಖ್ಯ ಭಾಗ. ಕಾಲುಗಳು ಮೇಲೇರಿದಷ್ಟೂ ಮಲಗಿದವನ ಸೊಂಟ ನೆಲ ಬಿಡುತ್ತದೆ. ಆಗ ಎದುರಾಳಿಯು ಪಾದಗಳ ಮೇಲೆ ನಿಂತು, ಮುಂದಕ್ಕೆ ವಾಲಿ, ತನ್ನ ತೂಕವನ್ನೆಲ್ಲ ಒತ್ತಿದರೆ, ಮಲಗಿದವನು ಮಡಿಸಿದ ಚಾಪೆಯಂತಾಗುತ್ತಾನೆ: ಮೊಣಕಾಲು ಮುಖದ ಬಳಿಗೆ, ಭಾರ ಕತ್ತಿನ ಬುಡಕ್ಕೆ. ಕತ್ತಿನಲ್ಲಿರುವುದು ಏಳೇ ಕಶೇರುಗಳು. ಅವು ಸುಮಾರು ಐದು ಕಿಲೋ ತೂಕದ ತಲೆಯನ್ನು ಹೊರಲು ಏರ್ಪಟ್ಟವೇ ಹೊರತು ಮುಂದಕ್ಕೆ ಮಡಿಸಿ ಎರಡು ದೇಹಗಳ ಭಾರವನ್ನು ಹೊರಲು ಅಲ್ಲ. ಆದುದರಿಂದ ಭಾರ ಹೆಗಲೆಲುಬುಗಳ ಮೇಲಿರಬೇಕು, ಕತ್ತಿನ ಮೇಲೆ ಬರಕೂಡದು, ಮೈ ಓರೆಯಾಗಿರಬೇಕು. ನೇರವಾಗಿ ಮಡಿಚಿಕೊಳ್ಳುತ್ತಿರುವುದು ತಿಳಿದೊಡನೆ ಹೆಣಿಗೆಯನ್ನು ಬಿಟ್ಟುಬಿಡಬೇಕು. ಪಟ್ಟು ನಾಳೆಯೂ ಸಿಕ್ಕೀತು.

ಎರಡನೆಯ ಅಪಾಯ, ಎದುರಾಳಿ ಎತ್ತಿ ಕುಕ್ಕುವುದು. ಜಿಯು-ಜಿಟ್ಸು ಪಂದ್ಯಗಳಲ್ಲಿ ಇದು ನಿಷಿದ್ಧ. ಜೂಡೋದಲ್ಲಿ ಅಂಗಾತವಾಗಿದ್ದವನನ್ನು ಹಾಸಿನಿಂದ ಎತ್ತಿದರೆ ಪಂಚರು ಆಟವನ್ನು ನಿಲ್ಲಿಸುತ್ತಾರೆ. ಹೊರಗೆ ಪಂಚರಿಲ್ಲ. ಅವನು ಎದ್ದು ನಿಲ್ಲಲು ಹೊರಟೊಡನೆ ಮರಿಕೋತಿಯಂತೆ ಜೋತುಬೀಳದೆ, ಒಂದು ಕೈಯಿಂದ ಅವನ ಕಾಲನ್ನು ಒಳಗಿನಿಂದ ತಬ್ಬಬೇಕು, ಇಲ್ಲವೆ ಇಳಿದುಬಿಡಬೇಕು.

ನಲವತ್ತು ದಾಟಿದ ಮೇಲೆ ಮಗನ ಜೊತೆಯಲ್ಲಿ ತಾವೂ ಕಲಿಯೋಣವೆಂದು ಹೊರಡುವ ತಂದೆಯರಿದ್ದಾರೆ. ಉತ್ಸಾಹ ಒಳ್ಳೆಯದೇ. ಆದರೆ ಹಿಂಜವಡಿಯ ಗಣಕಯಂತ್ರದ ಮುಂದೆಯೋ ಬ್ಯಾಂಕಿನ ಮೇಜಿನ ಹಿಂದೆಯೋ ಇಪ್ಪತ್ತು ವರ್ಷ ಕುಳಿತವರ ಸೊಂಟದ ಕೀಲು ಬಿಗಿದಿರುತ್ತದೆ. ಮೇಲುಕಾವಲಿಗೆ ಬೇಕಾದ ಬಾಗುವಿಕೆ ಸೊಂಟದ ಕೀಲಿನಿಂದ ಬರಬೇಕು. ಅದು ಬಾರದಿದ್ದರೆ ಶರೀರ ಆ ಕೊರತೆಯನ್ನು ಕೆಳಬೆನ್ನಿನಿಂದ ತುಂಬಿಸಿಕೊಳ್ಳುತ್ತದೆ, ಅಲ್ಲಿಂದ ನೋವು ಮೊದಲಾಗುತ್ತದೆ. ಕತ್ತಿನ ಅಥವಾ ಸೊಂಟದ ಕಶೇರು ತೊಂದರೆಯಿದ್ದವರು, ತೋಳಿಗೋ ಕಾಲಿಗೋ ಜೋಮು ಹಿಡಿಯುವವರು, ಹತೋಟಿಗೆ ಬಾರದ ರಕ್ತದೊತ್ತಡವುಳ್ಳವರು, ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ವೈದ್ಯರ ಒಪ್ಪಿಗೆಯಿಲ್ಲದೆ ಹಾಸಿಗೆ ಇಳಿಯಕೂಡದು. ಹೊಸಬರು ಬಲ ಹಾಕುವಾಗ ಉಸಿರು ಕಟ್ಟುತ್ತಾರೆ. ಅದರಿಂದ ರಕ್ತದೊತ್ತಡ ಹಠಾತ್ತನೆ ಏರುತ್ತದೆ. ಕಾಲೆಳೆದುಕೊಳ್ಳುವಾಗ ಉಸಿರು ಬಿಡುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು.

ಮನೆಯಲ್ಲಿ ಚಾಪೆಯ ಮೇಲೆ ದಿನಕ್ಕೆ ಹತ್ತು ನಿಮಿಷ ಮಾಡಬಹುದಾದ ಸಿದ್ಧತೆಯೂ ಇದೆ. ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಗೆ ಅಪ್ಪುವುದು. ಪಾದಗಳನ್ನೂರಿ ಸೊಂಟವನ್ನು ಸೇತುವೆಯಂತೆ ಎತ್ತಿ ಇಳಿಸುವುದು. ಪಕ್ಕಕ್ಕೆ ಹೊರಳಿ ಸೊಂಟವನ್ನು ಹಿಂದಕ್ಕೆ ಜಾರಿಸುವುದು. ಬದ್ಧಕೋಣಾಸನದಲ್ಲಿ ಕುಳಿತು ಒಳತೊಡೆ ಸಡಿಲಿಸುವುದು. ಹಲಾಸನವನ್ನು ಮಾತ್ರ ತಾನಾಗಿಯೇ ಆರಂಭಿಸುವುದು ಬೇಡ. ಮಡಿಸಿದ ಕತ್ತಿನ ಮೇಲೆ ಭಾರ ಬರುವ ಭಂಗಿ ಅದೂ ಹೌದು.

ಸೋಲೊಪ್ಪುವ ವಿಷಯದಲ್ಲಿ ಎರಡು ಮಾತು. ತೋಳು ನೀಳವಾದಾಗ, ಕೊರಳು ಬಿಗಿದಾಗ, ಎದುರಾಳಿಯ ಮೈಯನ್ನೋ ಹಾಸನ್ನೋ ಎರಡು ಬಾರಿ ತಟ್ಟಿದರೆ ಸಾಕು, ಅವನು ಬಿಡಲೇಬೇಕು. ಕತ್ತಿನ ಎರಡೂ ಬದಿಯ ರಕ್ತನಾಳಗಳು ಸರಿಯಾಗಿ ಅದುಮಿದರೆ ಸುಮಾರು ಹತ್ತು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಆದುದರಿಂದ ನೋಡೋಣವೆಂದು ಕಾಯುವ ವ್ಯವಹಾರವಿದಲ್ಲ. 1951ರಲ್ಲಿ ರಿಯೋ ನಗರದ ಮಾರಕಾನ ಕ್ರೀಡಾಂಗಣದಲ್ಲಿ ಜಪಾನಿನ ಮಾಸಾಹಿಕೊ ಕಿಮುರಾ ಎಲಿಯೋ ಗ್ರೇಸಿಯ ತೋಳನ್ನು ತಿರುಚಿ ಹಿಡಿದನು. ಎಲಿಯೋ ತಟ್ಟಲಿಲ್ಲ. ಕಡೆಗೆ ಅಣ್ಣ ಕಾರ್ಲೋಸನೇ ತಮ್ಮನ ಪರವಾಗಿ ಸೋಲನ್ನೊಪ್ಪಿ ಪಂದ್ಯವನ್ನು ನಿಲ್ಲಿಸಿದನು. ಆ ಪಟ್ಟಿಗೆ ಇಂದಿಗೂ ಕಿಮುರಾನ ಹೆಸರೇ ಇದೆ. ಅವರಿಬ್ಬರೂ ಕೀರ್ತಿಗಾಗಿ ಸಾವಿರಾರು ಪ್ರೇಕ್ಷಕರ ಮುಂದೆ ಸೆಣಸಿದವರು. ಮಂಗಳವಾರ ಸಂಜೆಯ ತರಗತಿಯಲ್ಲಿ ಮೊಣಕೈ ಕಳೆದುಕೊಂಡು ಬುಧವಾರ ಕಚೇರಿಗೆ ಹೋಗಬೇಕಾದವರು ಅವರನ್ನು ಅನುಕರಿಸಬೇಕಾಗಿಲ್ಲ. ಗರಡಿಯ ಮನೆತನದಿಂದ ಬಂದ ಹುಡುಗರಿಗೇ ತಟ್ಟುವುದು ಹೆಚ್ಚು ಕಷ್ಟವಾಗುವುದುಂಟು. ಹಿರಿಯರು ಮನೆಯಲ್ಲಿ “ಇಂದು ಎಷ್ಟು ಜನರನ್ನು ಸೋಲಿಸಿದೆ?” ಎಂದು ಕೇಳುವುದನ್ನು ಬಿಟ್ಟರೆ ಅರ್ಧ ಗಾಯಗಳು ತಪ್ಪಿಯಾವು.

ಇನ್ನು ಚರ್ಮ ಮತ್ತು ಕಿವಿ. ಹಾಸಿನ ಮೇಲೆ ಮೈಗೆ ಮೈ ಉಜ್ಜುವ ಆಟದಲ್ಲಿ ಹುಳುಕಡ್ಡಿ, ಕೀವಿನ ಹುಣ್ಣುಗಳು ಬೇಗ ಹರಡುತ್ತವೆ. ಪುಣೆಯ ಮಳೆಗಾಲದಲ್ಲಿ ಒಗೆದ ಬಟ್ಟೆ ಒಣಗದೆ ಇರುವುದರಿಂದ ಇನ್ನೂ ಹೆಚ್ಚು. ಎರಡು ಜೊತೆ ಉಡುಪು, ಕತ್ತರಿಸಿದ ಉಗುರು, ಮನೆಗೆ ಬಂದೊಡನೆ ಸ್ನಾನ, ಚರ್ಮದ ಮೇಲೆ ದುಂಡನೆಯ ತುರಿಕೆಯ ಕಲೆ ಕಂಡರೆ ವಾಸಿಯಾಗುವವರೆಗೆ ರಜೆ. ತಲೆಯನ್ನು ತೊಡೆಗಳ ಹಿಡಿತದಿಂದ ಬಿಡಿಸಿಕೊಳ್ಳುವಾಗ ಕಿವಿ ಉಜ್ಜಿ, ಅದರ ಮೃದುವೆಲುಬಿನ ಪದರದಲ್ಲಿ ರಕ್ತ ನಿಂತು ಊದಿಕೊಳ್ಳಬಹುದು. ಹಳೆಯ ಪೈಲ್ವಾನರ ಹೂಕೋಸಿನಂಥ ಕಿವಿ ಬಂದದ್ದು ಹೀಗೆಯೇ. ತಾಲೀಮಿನಲ್ಲಿ ಅದಕ್ಕೆ ಪದಕದ ಮರ್ಯಾದೆಯಿತ್ತು. ಊತ ಕಂಡ ಒಂದೆರಡು ದಿನಗಳೊಳಗೆ ಕಿವಿಯ ವೈದ್ಯರ ಬಳಿ ಹೋದರೆ ಅವರು ರಕ್ತವನ್ನು ತೆಗೆದು, ಒತ್ತುಪಟ್ಟಿ ಕಟ್ಟಿ, ಕಿವಿಯ ಆಕಾರವನ್ನು ಉಳಿಸಬಲ್ಲರು. ವಾರ ಕಳೆದ ಮೇಲೆ ಹೋದರೆ ಒಳಗಿನ ರಕ್ತ ಗಟ್ಟಿಯಾಗತೊಡಗಿರುತ್ತದೆ. ಮನೆಯಲ್ಲಿ ಸೂಜಿಯಿಂದ ಚುಚ್ಚುವ ಸಾಹಸವನ್ನಂತೂ ಯಾರೂ ಮಾಡಕೂಡದು. ಕಿವಿಗವಸು ಕ್ರೀಡಾಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತದೆ; ಅದನ್ನು ತೊಟ್ಟರೆ ಗುರುವಿನ ಮಾತು ಸರಿಯಾಗಿ ಕೇಳಿಸದೆಂಬ ದೂರು ಇದೆಯಾದರೂ, ಮೊದಲ ವರ್ಷವಾದರೂ ತೊಡುವುದು ಒಳಿತು.